ಅವೇಕ್, ಅವೇರ್, ಕಾನ್ಷಿಯಸ್: ಯಾವುದಕ್ಕೆ ಯಾವ ಕನ್ನಡ?

ಪ್ರಶ್ನೆ
ತಲೆಗೆ ಪೆಟ್ಟು ಬಿದ್ದವರ ಮನೆಯವರಿಗಾಗಿ ಒಂದು ಕೈಪಿಡಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಎರಡು ದಿನದಿಂದ ಒಂದೇ ಸಾಲಿನಲ್ಲಿ ಸಿಕ್ಕಿಕೊಂಡಿದ್ದೇನೆ. ರೋಗಿ 'ಅವೇಕ್' ಆಗಿದ್ದಾರೆ, ಆದರೆ 'ಅವೇರ್' ಅಲ್ಲ ಅಂತ ಮೂಲದಲ್ಲಿದೆ. ಮುಂದಿನ ಸಾಲಿನಲ್ಲೇ 'ಕಾನ್ಷಿಯಸ್' ಬರುತ್ತದೆ. ನಾನು 'ಎಚ್ಚರವಿದೆ, ಪ್ರಜ್ಞೆ ಇಲ್ಲ' ಎಂದು ಬರೆದೆ. ಅಮ್ಮನಿಗೆ ಓದಿ ಹೇಳಿದರೆ, "ಎಚ್ಚರ ತಪ್ಪೋದು, ಪ್ರಜ್ಞೆ ತಪ್ಪೋದು ಎರಡೂ ಒಂದೇ ಅಲ್ವಾ?" ಅಂದರು. ಅವರು ಹೇಳಿದ್ದು ಸರಿ. ಇದನ್ನು ಓದುವವರು ಹಾಸಿಗೆ ಪಕ್ಕದಲ್ಲಿ ಕೂತವರು. ಅವರಿಗೆ ಗೊಂದಲ ಆಗಬಾರದು.

ಉತ್ತರ 1
ನಾನು ಐಸಿಯುನಲ್ಲಿ ನರ್ಸ್. ನಮಗೆ ಈ ಮೂರೂ ಬೇರೆ ಬೇರೆ. ಕಣ್ಣು ಬಿಟ್ಟಿದ್ದರೆ ಅವೇಕ್. ತನ್ನ ಬಗ್ಗೆ, ಸುತ್ತಲಿನದರ ಬಗ್ಗೆ ಗೊತ್ತಾಗುತ್ತಿದ್ದರೆ ಅವೇರ್. ಎರಡೂ ಸೇರಿದರೆ ಕಾನ್ಷಿಯಸ್.

ರೋಗಿಗೆ ಎಷ್ಟು ಎಚ್ಚರವಿದೆ ಎಂದು ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲ್‌ನಲ್ಲಿ 3ರಿಂದ 15ರವರೆಗೆ ಅಂಕ ಕೊಡುತ್ತೇವೆ. ತಾನಾಗಿ ಕಣ್ಣು ಬಿಟ್ಟರೆ ಕಣ್ಣಿನ ಪೂರ್ತಿ 4 ಅಂಕವೂ ಸಿಗುತ್ತದೆ. ಆದರೆ ಅಷ್ಟರಿಂದ ಅರಿವಿದೆ ಅಂತ ಹೇಳೋಕಾಗಲ್ಲ. ಅದಕ್ಕೆ ಮುಖದ ಮುಂದೆ ಕನ್ನಡಿ ಹಿಡಿದು ನಿಧಾನವಾಗಿ ಪಕ್ಕಕ್ಕೆ ಸರಿಸಿ ನೋಡುವುದುಂಟು. ಕಣ್ಣು ಕನ್ನಡಿಯ ಜೊತೆಗೇ ಹೋದರೆ ಅದು ಅರಿವಿನ ಗುರುತು. ಹೋಗದೆ ಸುಮ್ನೆ ಎದುರಿಗೇ ನೆಟ್ಟಿದ್ದಾಗ, ನೋಡುತ್ತಾ ನಿಂತ ಮನೆಯವರ ಮುಖ ನೋಡೋದು ಕಷ್ಟ. ಅವರ ಕೈಗೆ ಹೋಗುವ ಕನ್ನಡ ಸರಿಯಾಗಿರಲಿ ಅಂತ ಇಷ್ಟು ಬರೆದೆ.

ಇನ್ನೊಂದು ಮಾತು. 'ಅರಿವಿಲ್ಲ' ಅಂತ ಖಡಾಖಂಡಿತವಾಗಿ ಬರೆಯಬೇಡಿ. 2006ರಲ್ಲಿ ನರವಿಜ್ಞಾನಿ ಏಡ್ರಿಯನ್ ಓವೆನ್ ಅವರ ತಂಡ ಇಂಥದೇ ಸ್ಥಿತಿಯಲ್ಲಿದ್ದ ಯುವತಿಯೊಬ್ಬರಿಗೆ ಮಿದುಳಿನ ಸ್ಕ್ಯಾನ್ ಮಾಡುತ್ತಾ, ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಿ ಎಂದಿತು. ಆರೋಗ್ಯವಂತರ ಮಿದುಳಿನಲ್ಲಿ ಕಾಣುವ ಚಟುವಟಿಕೆಯೇ ಅವರಲ್ಲೂ ಕಂಡಿತು. ಹೊರಗೆ ಮಾತ್ರ ಏನೂ ಗೊತ್ತಾಗುತ್ತಿರಲಿಲ್ಲ.

ಉತ್ತರ 2
ಪದಗಳ ಹುಟ್ಟು ನೋಡಿದರೂ ನರ್ಸ್ ಹೇಳಿದ್ದು ಹೊಂದುತ್ತದೆ. 'ಅವೇರ್' ಹಳೆಯ ಇಂಗ್ಲಿಷ್ ಪದ, 'ಬಿವೇರ್'ನ ನಂಟು. ಕಣ್ಣಿಟ್ಟು ಕಾಯುವುದು ಅದರ ಮೂಲ ಅರ್ಥ. ಹಾಗಾಗಿ ಅವೇರ್ ಅಂದರೆ ಯಾವಾಗಲೂ ಯಾವುದೋ ಒಂದರ ಅರಿವು. 'ಕಾನ್ಷಿಯಸ್' ಲ್ಯಾಟಿನ್ನಿನದು, ತಿಳಿಯುವುದು ಎಂಬ ಅರ್ಥದ ಬೇರಿನಿಂದ ಬಂದದ್ದು. 'ಕಾನ್ಷಿಯೆನ್ಸ್' ಕೂಡ ಅದೇ ಬೇರಿನದು, ಆದರೆ ಅದು ಮನಸ್ಸಾಕ್ಷಿ. ಫ್ರೆಂಚರಿಗೆ ಪ್ರಜ್ಞೆ, ಮನಸ್ಸಾಕ್ಷಿ ಎರಡಕ್ಕೂ ಒಂದೇ ಪದ! ಕೈಪಿಡಿಯಲ್ಲಿ 'ಕಾನ್ಷಿಯಸ್ ಡಿಸಿಷನ್' ಬಂದರೆ 'ಪ್ರಜ್ಞೆ' ಬೇಡವೇ ಬೇಡ. 'ಯೋಚಿಸಿ ತೆಗೆದುಕೊಂಡ ತೀರ್ಮಾನ' ಅಂದರೆ ಸಾಕು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅವೇಕ್‌ಗೆ 'ಎಚ್ಚರ' ಬಿಟ್ಟೇಬಿಟ್ಟೆ. ಈಗ ಹೀಗೆ ಬರೆದಿದ್ದೇನೆ: 'ಅವರು ಕಣ್ಣು ಬಿಟ್ಟಿರುತ್ತಾರೆ. ಆದರೆ ಸುತ್ತ ನಡೆಯುವುದು ಗೊತ್ತಾಗುತ್ತಿದೆ ಎಂಬ ಗುರುತು ಕಾಣುವುದಿಲ್ಲ.' ಅಮ್ಮನಿಗೆ ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವರ ಹತ್ತಿರ ಮಾತಾಡ್ತಾ ಇರಬೇಕು" ಅಂದರು.