ಪದಚರ್ಚೆ: ‘ಕಂಪ್ಯೂಟರ್ ಆರಿದ ಮೇಲೆ ಆನ್ ಮಾಡಿ’ – ಈ ವಾಕ್ಯ ಸರಿಯೇ?

ರಾಯಚೂರಿನಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ. ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯ ಗೋಡೆಗೆ ಅಂಟಿಸಲು ಒಂದು ಹಾಳೆ ಬೇಕು. ಸಂಜೆ ಪ್ರಿಂಟಿಗೆ ಕೊಡಬೇಕು. ಬೇಸಿಗೆ ಶುರುವಾದಾಗಿನಿಂದ ಡೆಸ್ಕ್‌ಟಾಪ್‌ಗಳು ಬಿಸಿಯಾಗಿ ತಾವೇ ಆಫ್ ಆಗುತ್ತಿವೆ. ಆಫ್ ಆದ ಕೂಡಲೇ ಮಕ್ಕಳು ಮತ್ತೆ ಬಟನ್ ಒತ್ತುತ್ತಾರೆ. ಐದು ನಿಮಿಷಕ್ಕೆ ಮತ್ತೆ ಆಫ್.

ಕೈಯಲ್ಲಿರುವುದು ಇಂಗ್ಲಿಷ್ ಹಾಳೆ. ಐದು ಕಡೆ ಸಿಕ್ಕಿಬಿದ್ದಿದ್ದೇನೆ: ಓವರ್‌ಹೀಟಿಂಗ್, ಶಟ್‌ಡೌನ್, ಹೀಟ್ ಸಿಂಕ್, ಥರ್ಮಲ್ ಪೇಸ್ಟ್, ಥ್ರಾಟ್ಲಿಂಗ್. ಸದ್ಯಕ್ಕೆ ಮೊದಲ ಸಾಲು ಹೀಗಿದೆ: ‘ಕಂಪ್ಯೂಟರ್ ಅತಿಯಾಗಿ ಕಾದರೆ ತಾನೇ ಆರುತ್ತದೆ. ಆರಿದ ಮೇಲೆ ಆನ್ ಮಾಡಿ.’ ನೋಡಿ ಹೇಳಿ. ಓದುವವರು ಎಂಟು, ಒಂಬತ್ತನೇ ತರಗತಿಯವರು.

ಮೈಸೂರಿನಿಂದ:

ಅತ್ಯುಷ್ಣತೆ, ಸ್ವಯಂಸ್ಥಗಿತ, ಉಷ್ಣಶೋಷಕ, ಉಷ್ಣವಾಹಕ ಲೇಪನ, ವೇಗನಿಯಂತ್ರಣ. ‘ಕಂಪ್ಯೂಟರ್’ ಅಲ್ಲ, ಗಣಕಯಂತ್ರ. ಇಷ್ಟು ಸಾಕು.

ಧಾರವಾಡದಿಂದ:

ಅತ್ಯುಷ್ಣತೆ ಅಂತ ಗೋಡೆಗೆ ಹಚ್ಚಿದರೆ ಹುಡುಗರು ಡಾಕ್ಟರನ್ನು ಕರೆಯುತ್ತಾರೆ. ಅದನ್ನು ಬಿಡಿ.

ಗುರುಗಳೇ, ನಿಮ್ಮ ಹಾಳೆಯ ‘ಆರಿದ ಮೇಲೆ’ ಯಾವ ಆರುವುದು? ದೀಪ ಆರುತ್ತದೆ, ಹಾಲು ಆರುತ್ತದೆ, ಬಟ್ಟೆ ಆರುತ್ತದೆ. ಒಂದು ನಂದುವುದು, ಒಂದು ತಣಿಯುವುದು, ಒಂದು ಒಣಗುವುದು. ನಿಮ್ಮ ಮೊದಲ ವಾಕ್ಯದಲ್ಲಿರುವುದು ದೀಪದ ಆರು, ಎರಡನೆಯದರಲ್ಲಿ ಹಾಲಿನ ಆರು. ಹುಡುಗ ಎರಡನ್ನೂ ದೀಪದ್ದೇ ಅಂತ ಓದಿಕೊಂಡನೋ, ಆಫ್ ಆದ ಕೂಡಲೇ ಮತ್ತೆ ಆನ್ ಮಾಡುತ್ತಾನೆ. ನೀವು ಬೇಡ ಅಂದದ್ದನ್ನೇ ಹಾಳೆ ಮಾಡು ಅನ್ನುತ್ತದೆ. ಮುಂದೆ ‘ಪೇಸ್ಟ್ ಆರಿದ್ದರೆ ಹೊಸದು ಹಚ್ಚಿ’ ಅಂತ ಬರೆದರೆ ಬಟ್ಟೆಯ ಆರೂ ಬಂದು ಸೇರುತ್ತದೆ. ಚಂದದ ಕ್ರಿಯಾಪದ ನಿಜ. ಆದರೆ ಈ ಹಾಳೆಗೆ ಬೇಡ.

ನಮ್ಮ ಕಡೆ ‘ಬಂದ್ ಆತು’ ಅಂತೀವಿ. ಒಂದೇ ಅರ್ಥ, ಗೊಂದಲ ಇಲ್ಲ.

ಮೈಸೂರಿನಿಂದ:

‘ಬಂದ್’ ಪಾರ್ಸಿ. ‘ಸ್ಥಗಿತ’ ನಮ್ಮದು.

ಧಾರವಾಡದಿಂದ:

ಸ್ಥಗಿತ ಯಾವಾಗ ನಮ್ಮದಾಯಿತು ರೀ? ಸಂಸ್ಕೃತದಿಂದ ತಂದರೆ ಸ್ವಂತದ್ದು, ಪಾರ್ಸಿಯಿಂದ ತಂದರೆ ಕಡ? ಹಂಗಾದರೆ ಅರ್ಜಿ, ಜಮೀನು, ಕುರ್ಚಿ ಎಲ್ಲ ವಾಪಸ್ ಕೊಟ್ಟುಬಿಡೋಣ. ‘ವಾಪಸ್’ ಕೂಡ.

ಮಂಗಳೂರಿನಿಂದ:

ನೀವು ಜಗಳ ಮುಂದುವರಿಸಿ ಮಾರಾಯ್ರೇ, ನನ್ನದು ಬೇರೆ ವಿಷಯ. ಯಾರಾದರೂ ‘ಶಾಖ’ ಅಂತ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ. ಸಂಸ್ಕೃತದಲ್ಲಿ ಶಾಖಾ ಅಂದರೆ ಕೊಂಬೆ. ವೇದದ ಶಾಖೆ, ಬ್ಯಾಂಕಿನ ಶಾಖೆ ಎಲ್ಲ ಅದೇ. ಬಿಸಿ ಅನ್ನುವ ಅರ್ಥ ಅಲ್ಲಿಲ್ಲ. ನಮ್ಮೂರಿನಲ್ಲಿ ಏಪ್ರಿಲ್ ಬಂತೆಂದರೆ ಎಲ್ಲರ ಬಾಯಲ್ಲೂ ‘ಎಂಥ ಸೆಕೆ!’ ಆ ಸೆಕೆಗೇ ಯಾರೋ ಜುಟ್ಟು ಜನಿವಾರ ಹಾಕಿ ಶಾಖ ಮಾಡಿದ್ದಾರೆ ಅನ್ನುವುದು ನನ್ನ ಬಹುಕಾಲದ ಊಹೆ. ಖ ಬರೆದ ಕೂಡಲೇ ಸಂಸ್ಕೃತ ಆಗುವುದಿಲ್ಲ.

ಮೈಸೂರಿನಿಂದ:

ಊಹೆಗೆ ಆಧಾರ?

ಮಂಗಳೂರಿನಿಂದ:

ಕೊಂಬೆಯಿಂದ ಬಿಸಿ ಹುಟ್ಟಿದ್ದಕ್ಕೆ ನಿಮ್ಮ ಆಧಾರ ಕೊಡಿ, ಆಮೇಲೆ ನನ್ನದು.

ಬೆಂಗಳೂರು, ಎಸ್.ಪಿ. ರಸ್ತೆಯಿಂದ:

ನಾನು ಈ ಗುಂಪಿನಲ್ಲಿ ಬರೆಯೋದು ಕಡಿಮೆ. ರಿಪೇರಿ ನನ್ನ ಕಸುಬು, ಅದಕ್ಕೆ ಬಾಯಿ ಹಾಕುತ್ತಿದ್ದೇನೆ.

ಮೊದಲು ಕಾಯಿಲೆ ಗೊತ್ತಾಗಲಿ, ಪದ ಆಮೇಲೆ. ಆನ್ ಮಾಡಿದ ಸೆಕೆಂಡಿಗೇ ಆಫ್ ಆದರೆ ಅಥವಾ ಸುಮ್ನೆ ಇದ್ದಾಗಲೂ ಹೊತ್ತುಗೊತ್ತಿಲ್ಲದೆ ಆಫ್ ಆದರೆ ಮೊದಲು ಎಸ್‌ಎಂಪಿಎಸ್, ಅಂದರೆ ಒಳಗೆ ಕರೆಂಟ್ ಕೊಡುವ ಡಬ್ಬಿ, ನೋಡಬೇಕು. ಹತ್ತು ಹದಿನೈದು ನಿಮಿಷ ಓಡಿ, ಫ್ಯಾನ್ ಕಿರುಚಿ, ನಿಧಾನವಾಗಿ, ಆಮೇಲೆ ಆಫ್ ಆದರೆ ಹೆಚ್ಚಾಗಿ ಬಿಸಿಯದ್ದೇ. ತಕ್ಷಣ ಮತ್ತೆ ಆನ್ ಮಾಡಿದಾಗ ಇನ್ನೂ ಬೇಗ ಆಫ್ ಆಯಿತೋ, ಅನುಮಾನವೇ ಬೇಡ. ಆದದ್ದನ್ನೆಲ್ಲ ಪಟ್ಟಿ ಮಾಡಿ ತೋರಿಸುವ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಅಂತ ಕಾಣುತ್ತೆ. ಅದನ್ನು ನೋಡಿ ಗಾಬರಿ ಬೀಳಬೇಡಿ. ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಅಂತ ಮಾತ್ರ ಅದು ಹೇಳುತ್ತೆ, ಯಾಕೆ ಅಂತಲ್ಲ.

ಇಂಟೆಲ್‌ನ ಹೆಚ್ಚಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು 100 ಡಿಗ್ರಿ ಆಸುಪಾಸು ಬಂದಾಗ ತಾವೇ ವೇಗ ಇಳಿಸಿಕೊಳ್ಳುತ್ತವೆ, ಅದೇ ಥ್ರಾಟ್ಲಿಂಗ್. ಎಎಂಡಿ ರೈಜನ್‌ಗಳಲ್ಲಿ ಬಹಳಷ್ಟಕ್ಕೆ ಆ ಗೆರೆ 90, 95ರಲ್ಲಿ. ಇಳಿಸಿಯೂ ಬಿಸಿ ಏರುತ್ತಲೇ ಹೋದರೆ ಸುಟ್ಟುಹೋಗದಿರಲಿ ಅಂತ ಪೂರ್ತಿ ಆಫ್. ರಾಯಚೂರಿನ ಬೇಸಿಗೆ 40 ದಾಟುತ್ತಲ್ವಾ? ಫ್ಯಾನ್ ಊದುವುದು ಕೋಣೆಯ ಗಾಳಿಯನ್ನೇ. ಅದೇ 40 ಇದ್ದರೆ ಅದು ಪಾಪ ಏನು ಮಾಡೀತು? ಇದರ ಮೇಲೆ ಸಿಪಿಯುವನ್ನು ಮೇಜಿನ ಕೆಳಗಿನ ಗೂಡಿಗೆ ತುರುಕಿ ಬಾಗಿಲು ಹಾಕಿರುತ್ತಾರೆ.

ಈಗ ಪದ. ಉಷ್ಣಶೋಷಕ ತಪ್ಪು. ಹೀಟ್ ಸಿಂಕ್ ಬಿಸಿಯನ್ನು ಹೀರಿಕೊಂಡು ಕೂರಲ್ಲ. ಪ್ರೊಸೆಸರ್‌ನಿಂದ ತಗೊಂಡು ಗಾಳಿಗೆ ಕೊಡುತ್ತೆ. ‘ರೆಕ್ಕೆ’ ಅಂತಲೂ ಬರೀಬೇಡಿ. ಫ್ಯಾನಿಗೂ ರೆಕ್ಕೆ ಇದೆ. ‘ರೆಕ್ಕೆ ಒರೆಸಿ’ ಅಂದರೆ ಮಕ್ಕಳು ಫ್ಯಾನಿನ ರೆಕ್ಕೆ ಫಳಫಳ ಮಾಡಿ ಮುಚ್ಚಳ ಹಾಕಿಬಿಡುತ್ತಾರೆ. ಧೂಳು ಇರುವುದು ಅಲ್ಲಲ್ಲ. ಫ್ಯಾನ್ ಬಿಚ್ಚಿ ನೋಡಿ. ಅಲ್ಯುಮಿನಿಯಂ ಪಟ್ಟಿಗಳ ತಲೆಯ ಮೇಲೆ ಬೂದಿಬಣ್ಣದ ಧೂಳು ಹೆಪ್ಪುಗಟ್ಟಿರುತ್ತೆ. ಉಗುರಲ್ಲಿ ಎತ್ತಿದರೆ ಒಂದೇ ಪದರವಾಗಿ ಏಳುತ್ತೆ, ಅದರೊಳಗೆ ಕೂದಲು, ಸೀಮೆಸುಣ್ಣದ ಪುಡಿ. ಗಾಳಿ ಹೋಗಲು ಜಾಗವೇ ಇಲ್ಲ. ಅಂಗಡಿಯಲ್ಲಿ ನಾವು ಆ ಪಟ್ಟಿಗಳನ್ನು ‘ಹಲ್ಲು’ ಅಂತೀವಿ, ಬಾಚಣಿಗೆಗೆ ಹೇಳಿದ ಹಾಗೆ. ಹಲ್ಲಿನ ಸಂದಿ ಅಂದರೆ ಯಾರಿಗಾದರೂ ತಿಳಿಯುತ್ತೆ.

ಬೆಂಗಳೂರು, ಜಯನಗರದಿಂದ:

ಕನ್ನಡಕ್ಕೆ ಸೊಲ್ಲು ಕಟ್ಟುವ ಕಸುವು ಇರುವಾಗ ಎರವಲು ಯಾಕೆ? ಹೀಟ್ ಸಿಂಕ್‌ಗೆ ‘ಕಾವಿಳಿಕ’. ಥರ್ಮಲ್ ಪೇಸ್ಟ್‌ಗೆ ‘ಕಾವಂಟು’. ಥ್ರಾಟ್ಲಿಂಗ್‌ಗೆ ‘ಬಿರುಸಿಳಿತ’. ಸಿಂಕ್ ಅಂತ ಕನ್ನಡದಲ್ಲಿ ಬರೆದರೆ ಪಾತ್ರೆ ತೊಳೆಯುವ ಸಿಂಕೋ, ಫೋನಿನ ಸಿಂಕೋ ಅಂತ ಕೂಡ ತಿಳಿಯುವುದಿಲ್ಲ. ಎಂಟುನೂರು ವರುಶದ ಹಿಂದೆ ಆಂಡಯ್ಯ ಸಂಸ್ಕ್ರುತದ ನೆರವಿಲ್ಲದೆ ಒಂದಿಡೀ ಕಬ್ಬ ಬರೆದು ತೋರಿಸಿದ. ನಮಗೆ ಅಯ್ದು ಪದ ಆಗುವುದಿಲ್ಲವೇ?

ಎಸ್.ಪಿ. ರಸ್ತೆಯಿಂದ:

‘ಕಾವಂಟು’ ದಯವಿಟ್ಟು ಬೇಡ. ಪೇಸ್ಟ್ ಅಂಟಲ್ಲ. ಪ್ರೊಸೆಸರ್‌ಗೂ ಹೀಟ್ ಸಿಂಕ್‌ಗೂ ನಡುವೆ ಕಣ್ಣಿಗೆ ಕಾಣದ ಸಂದು ಇರುತ್ತೆ, ಅದರಲ್ಲಿ ಗಾಳಿ ಕೂರುತ್ತೆ, ಗಾಳಿ ಬಿಸಿಯನ್ನು ದಾಟಿಸೋಲ್ಲ. ಆ ಸಂದು ತುಂಬಲು ಮಾತ್ರ ಪೇಸ್ಟ್. ಹಿಡಿದುಕೊಳ್ಳುವುದು ಸ್ಕ್ರೂ ಅಥವಾ ನಾಲ್ಕು ಮೂಲೆಯ ಪ್ಲಾಸ್ಟಿಕ್ ಪಿನ್. ಅಂಟು ಅಂದರೆ ಯಾರೋ ಒಬ್ಬ ಪುಣ್ಯಾತ್ಮ ಫೆವಿಕ್ವಿಕ್ ಹಾಕುತ್ತಾನೆ. ನಗಬೇಡಿ. ಅಂಥ ಕೇಸು ನಮ್ಮ ಟೇಬಲ್ ಮೇಲೆ ಬಂದಿದೆ.

ಮೈಸೂರಿನಿಂದ:

ಆದ್ದರಿಂದಲೇ ಲೇಪನ ಎಂದೆ. ‘ವರುಶ’ ಓದಿ ನನಗೆ ಅತ್ಯುಷ್ಣತೆ ಆಗುತ್ತಿದೆ.

ಧಾರವಾಡದಿಂದ:

ಲೇಪನ ಅಂದರೆ ಮಂಡಿನೋವಿಗೆ ಹಚ್ಚುವುದು.

ಜಯನಗರದವರಿಗೆ: ಆಂಡಯ್ಯ ಬಿಟ್ಟದ್ದು ತತ್ಸಮವನ್ನು, ತದ್ಭವವನ್ನಲ್ಲ. ಸಂಸ್ಕೃತದ ಮಾತನ್ನು ಕನ್ನಡದ ಬಾಯಿಗೆ ಹೊಂದಿಸಿಕೊಂಡರೆ ಅವನಿಗೆ ತಕರಾರು ಇರಲಿಲ್ಲ. ನೀವು ಬರೆದ ‘ಕಬ್ಬ’ವೇ ಕಾವ್ಯದ ತದ್ಭವ, ಗೊತ್ತಲ್ಲ? ಅದೇ ಲೆಕ್ಕದಲ್ಲಿ ಬಸ್ಸು, ಕಾರು, ಫ್ಯಾನು ನಮ್ಮ ತದ್ಭವಗಳು. ಕೊನೆಗೊಂದು ಉ ಬಂತು, ವಿಭಕ್ತಿ ಹತ್ತಿತು, ಮುಗೀತು. ‘ಪೇಸ್ಟು ಒಣಗಿದೆ’ ಅನ್ನುವುದರಲ್ಲಿ ಇಂಗ್ಲಿಷ್ ಎಷ್ಟು ಉಳಿದಿದೆ? ಆಂಡಯ್ಯನನ್ನು ಕರೆಯುವುದಾದರೆ ನಮ್ಮ ಕಡೆಗೆ ಕರೆಯಿರಿ.

ಇನ್ನೊಂದು. ಥ್ರಾಟ್ಲಿಂಗ್ ಅಂತ ಇಂಗ್ಲಿಷಿನಲ್ಲಿ ನಾಮಪದ ಇದೆ ಅಂತ ನಾವೂ ನಾಮಪದ ಹೊಸೆಯಲು ಕೂತಿದ್ದೀವಿ. ಯಾಕೆ? ‘ನಿಧಾನ ಆಗುತ್ತದೆ’ ಅಂದರೆ ಆಗಲ್ವಾ? ಆಗು, ಮಾಡು ಇಟ್ಟುಕೊಂಡರೆ ಅರ್ಧ ಕೆಲಸ ಆಯಿತು. ‘ಆಫ್ ಮಾಡಿದೆ’ ಅಂದರೆ ಹುಡುಗ, ‘ಆಫ್ ಆಯಿತು’ ಅಂದರೆ ಯಂತ್ರ. ಇದಕ್ಕೆ ಸ್ವಯಂ ಗಿಯಂ ಏನೂ ಬೇಡ.

ಜಯನಗರದಿಂದ:

ಕಬ್ಬ ತದ್ಬವ ಎನ್ನುವುದು ಗೊತ್ತಿದೆ. ಆದರೆ ಆಂಡಯ್ಯನ ಕಾಲದಲ್ಲಿ ತದ್ಬವ ಆಗಲು ನೂರಾರು ವರುಶ ಹಿಡಿದಿತ್ತು. ನೀವು ಒಂದು ಉಕಾರ ಹಚ್ಚಿ ಅಂಗಡಿಯಿಂದ ನೇರ ಮನೆಗೆ ತರುತ್ತಿದ್ದೀರಿ. ಹೀಗೆ ಬಿಟ್ಟರೆ ಕ್ರಿಯಾಪದವೊಂದೇ ಕನ್ನಡ ಉಳಿಯುತ್ತದೆ.

ಧಾರವಾಡದಿಂದ:

ಕ್ರಿಯಾಪದ ಉಳಿದರೆ ಭಾಷೆ ಉಳಿಯಿತು.

ಮೈಸೂರಿನಿಂದ:

‘ಕ್ರಿಯಾಪದ’ ಸಂಸ್ಕೃತ. ಇಬ್ಬರೂ ಗಮನಿಸಿ.

ರಾಯಚೂರಿನಿಂದ:

ಪ್ರಿಂಟ್ ಅಂಗಡಿಯವರು ಎರಡು ಸಲ ಫೋನ್ ಮಾಡಿದರು. ಇಷ್ಟಕ್ಕೆ ನಿಲ್ಲಿಸುತ್ತೇನೆ. ಕೊನೆಯ ರೂಪ ಇದು:

‘ಕಂಪ್ಯೂಟರ್ ಜಾಸ್ತಿ ಬಿಸಿಯಾದರೆ ಮೊದಲು ನಿಧಾನ ಆಗುತ್ತದೆ, ಆಮೇಲೆ ತಾನೇ ಆಫ್ ಆಗುತ್ತದೆ. ತಕ್ಷಣ ಬಟನ್ ಒತ್ತಬೇಡಿ. ಅರ್ಧ ಗಂಟೆ ತಣ್ಣಗಾಗಲು ಬಿಡಿ. ಗೂಡಿನ ಬಾಗಿಲು ತೆರೆದಿಡಿ. ಮತ್ತೆ ಹಾಗೇ ಆದರೆ ಶಿಕ್ಷಕರಿಗೆ ಹೇಳಿ.

ಶಿಕ್ಷಕರಿಗೆ: ಮುಚ್ಚಳ ಬಿಚ್ಚಿ, ಫ್ಯಾನ್ ತಿರುಗುತ್ತಿದೆಯೇ ನೋಡಿ. ಹೀಟ್ ಸಿಂಕ್ ಹಲ್ಲಿನ ಸಂದಿಯ ಧೂಳನ್ನು ಬ್ರಷ್ಷಿನಿಂದ ತೆಗೆಯಿರಿ. ಹೀಟ್ ಸಿಂಕ್ ಅಲುಗಾಡುತ್ತಿದ್ದರೆ ಪಿನ್ ಗಟ್ಟಿ ಮಾಡಿ. ಪೇಸ್ಟು ಒಣಗಿದ್ದರೆ ಪೂರ್ತಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿ. ಕೈ ಹಾಕುವ ಮೊದಲು ಪ್ಲಗ್ ಕೀಳಿ.’

ಎಸ್.ಪಿ. ರಸ್ತೆಯಿಂದ:

ಪ್ಲಗ್ ಸಾಲು ತಪ್ಪಿದ ಜಾಗದಲ್ಲಿದೆ. ಎಲ್ಲ ಬಿಚ್ಚಿ ಮುಗಿದ ಮೇಲೆ ಅದನ್ನು ಓದಿ ಏನು ಬಂತು? ಫ್ಯಾನ್ ತಿರುಗುವುದನ್ನು ದೂರದಿಂದಲೇ ನೋಡಿ, ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ಧೂಳು. ಆ ಕ್ರಮದಲ್ಲಿ ಹಾಕಿ. ಬ್ಲೋವರ್ ಹಿಡಿಯುವುದಾದರೆ ಫ್ಯಾನನ್ನು ಬೆರಳಲ್ಲಿ ಹಿಡಿದುಕೊಳ್ಳಿ ಅಂತಲೂ ಸೇರಿಸಿ. ಗಾಳಿಗೆ ಗಿರ್ರನೆ ತಿರುಗಿಸಿದರೆ ಬೇರಿಂಗ್ ಹೋಗುತ್ತೆ.

ಮೈಸೂರಿನಿಂದ:

‘ಮುಚ್ಚಳ’ ಡಬ್ಬಿಗೆ. ಗಣಕಕ್ಕೆ ಕವಚ.

ರಾಯಚೂರಿನಿಂದ:

ಪ್ಲಗ್ ಸಾಲು ಮೇಲೆ ಹೋಯಿತು, ಬ್ಲೋವರ್ ಸೇರಿಸಿದೆ. ಮುಚ್ಚಳ ಹಾಗೇ ಪ್ರಿಂಟಿಗೆ ಹೋಗಿದೆ ಸರ್.