ಸಹಾಯ ಬೇಕು: ಟ್ಯಾಂಕಿನ ಜಲ್ಲಿ ತೆಗೆದು ಮರಳು ಹಾಕಬೇಕು, ಮೀನು ಸಾಯಬಾರದು!

ಎಲ್ಲರಿಗೂ ನಮಸ್ಕಾರ. ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. 3 ಅಡಿ ಉದ್ದ, 1 ಅಡಿ ಅಗಲದ ಟ್ಯಾಂಕು, ನೀರು ಸುಮಾರು 120 ಲೀಟರ್. ತಳದಲ್ಲಿ ಎರಡು ವರ್ಷದಿಂದ ಬಣ್ಣದ ಜಲ್ಲಿ. ಮೊನ್ನೆ ಆರು ಕೋರಿಡೋರಸ್ ತಂದೆ. ಅವು ತಳ ಕೆದಕಿ ತಿನ್ನುವ ಮೀನು, ಈಗಾಗಲೇ ಎರಡರ ಮೀಸೆ ಸವೆದು ಮೋಟಾಗಿದೆ. ಜಲ್ಲಿ ಚೂಪು, ಸಂದಿಯಲ್ಲಿ ಕೊಳೆತ ತಿಂಡಿ ಬೇರೆ.

"ಸಮುದ್ರ ಬಾಗಿಲಲ್ಲೇ ಇದೆ, ಚೀಲ ಹಿಡ್ಕೊಂಡು ಹೋಗು" ಅಂತಾರೆ ಅಮ್ಮ. ಒಂದು ಹಿಡಿ ತಂದು ತೊಳೆದು ವಿನೆಗರ್ ಹನಿಸಿದೆ, ಬುರುಬುರು ನೊರೆ! ಚಿಪ್ಪಿನ ಪುಡಿ ಇದೆ ಅಂತಾಯ್ತು, ಹಾಕಿದರೆ ನೀರು ಗಡಸಾಗುತ್ತೆ. ಕಾಳಿ ಅಳಿವೆಯ ಮರಳಿಗೂ ಉಪ್ಪುನೀರೇ. ಎಂ-ಸ್ಯಾಂಡ್ ಜಲ್ಲಿಯಷ್ಟೇ ಚೂಪು. ಉಳಿದದ್ದು ಈಜುಕೊಳದ ಫಿಲ್ಟರಿಗೆ ಹಾಕುವ ಸಿಲಿಕಾ ಮರಳು. 2 ಇಂಚು ದಪ್ಪಕ್ಕೆ 20 ಕೆಜಿ ಬೇಕಾಗುತ್ತೆ. ಕಾರವಾರ, ಅಂಕೋಲಾದಲ್ಲಿ ಸಿಗುತ್ತಾ, ಇಲ್ಲ ಮಡಗಾಂವ್‌ಗೇ ಹೋಗಬೇಕಾ?

ನಿಜವಾದ ಹೆದರಿಕೆ ಬೇರೆ. ಮೀನಿನ ಹೊಲಸಿನಿಂದ ಬರುವ ವಿಷ ಅಮೋನಿಯಾ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಜಲ್ಲಿಯಲ್ಲೂ ಇರುತ್ತಲ್ಲ, ಒಂದೇ ದಿನ ಎಲ್ಲ ತೆಗೆದರೆ ಫಿಲ್ಟರ್ ಸ್ಪಂಜಿನಲ್ಲಿರೋದು ಸಾಕಾಗುತ್ತಾ? ಸ್ಪಂಜು ಮುಟ್ಟಲ್ಲ, ಮೀನನ್ನು ಹಳೇ ನೀರಿನ ಬಕೆಟ್‌ನಲ್ಲಿ ಏರ್ ಪಂಪ್ ಹಾಕಿ ಇಡ್ತೇನೆ. ಅಥವಾ ವಾರಕ್ಕೆ ಕಾಲುಭಾಗದಂತೆ ತೆಗೆಯಲಾ? ಆದರೆ ಕೆದಕಿದಾಗಲೆಲ್ಲ ಕೊಳೆ ಏಳುತ್ತೆ, ಅದೂ ಅಪಾಯವೇ.

ಬ್ಯಾಕ್ಟೀರಿಯಾ ಉಳೀಲಿ ಅಂತ ತೆಗೆದ ಜಲ್ಲಿಯನ್ನು ಹಳೇ ಸಾಕ್ಸಿನಲ್ಲಿ ತುಂಬಿ ಕೆಲವು ವಾರ ಟ್ಯಾಂಕಿನಲ್ಲೇ ತೂಗುಹಾಕಿದವರು ಯಾರಾದರೂ ಇದ್ದೀರಾ? ಮರಳು ಮೋಟರಿಗೆ ಸಿಗದಂತೆ ಫಿಲ್ಟರ್ ಬಾಯಿ ಎಷ್ಟು ಮೇಲಿಡಬೇಕು ಅಂತಲೂ ಹೇಳಿ. ಭಾನುವಾರ ಕೈ ಹಾಕೋಣ ಅಂತಿದ್ದೇನೆ.