ಅಪ್‌ಡೇಟ್: ಮೈಸೂರಿನಲ್ಲಿದ್ದುಕೊಂಡೇ ಬ್ರಿಟನ್ ಚುನಾವಣೆಗೆ ಮತ

ಇಂಗ್ಲೆಂಡಿನ ಲೀಡ್ಸ್ ಬಿಟ್ಟು 20 ವರ್ಷ ದಾಟಿದ, ಈಗ ಓಸಿಐ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ) ಕಾರ್ಡಿನ ಮೇಲೆ ಮೈಸೂರಿನಲ್ಲಿರುವ ಬ್ರಿಟಿಷ್ ಪ್ರಜೆಗೆ ಅಲ್ಲಿ ಮತದಾನದ ಹಕ್ಕು ಉಳಿದಿದೆಯೇ ಅಂತ ಕೇಳಿದ್ದೆ. ಉಳಿದಿದೆ. ದೇಶ ಬಿಟ್ಟು 15 ವರ್ಷವಾದರೆ ಮತದ ಹಕ್ಕು ಹೋಗುತ್ತಿದ್ದ ಮಿತಿ 2024ರ ಜನವರಿ 16ಕ್ಕೆ ರದ್ದಾಯಿತು. ಓಸಿಐನವರಿಗೆ ಭಾರತದಲ್ಲಿ ಮತವಿಲ್ಲದ ಕಾರಣ ಇದನ್ನು ಕಳೆದುಕೊಳ್ಳಲೇಬಾರದು.

ಅರ್ಜಿ ಆನ್‌ಲೈನ್. ಅಲ್ಲಿ ಕೊನೆಯದಾಗಿ ಮತದಾರರಾಗಿದ್ದ ವಿಳಾಸ ಪೋಸ್ಟ್‌ಕೋಡ್ ಸಮೇತ ಬೇಕು; ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ಬ್ರಿಟನ್ನಿನ ಸಾಮಾಜಿಕ ವಿಮೆಯ ಸಂಖ್ಯೆ), ಪಾಸ್‌ಪೋರ್ಟ್ ಕೈಯಲ್ಲಿರಲಿ. ನೋಂದಣಿ ಹೆಚ್ಚೆಂದರೆ 3 ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬೇಕು. ಪಾರ್ಲಿಮೆಂಟ್ ಚುನಾವಣೆಗೆ ಮಾತ್ರ, ಸ್ಥಳೀಯ ಕೌನ್ಸಿಲ್‌ಗೆ ಇಲ್ಲ.

ಅಂಚೆ ಮತವೋ ಪ್ರಾಕ್ಸಿಯೋ (ನಿಮ್ಮ ಪರವಾಗಿ ಅಲ್ಲಿ ಇನ್ನೊಬ್ಬರು ಮತ ಹಾಕುವುದು)? ಭಾರತದಿಂದಾದರೆ ಪ್ರಾಕ್ಸಿಯೇ ಸರಿ ಅನ್ನುತ್ತೇನೆ. ನಾಮಪತ್ರದ ಗಡುವು ಮುಗಿಯದೆ ಮತಪತ್ರ ಅಚ್ಚಾಗುವುದಿಲ್ಲ. ಅದು ಇಲ್ಲಿಗೆ ಬಂದು, ಮತದಾನದ ದಿನ ರಾತ್ರಿ 10ರೊಳಗೆ ಅಲ್ಲಿಗೆ ಮರಳಬೇಕು. ಕೈಯಲ್ಲಿ ಉಳಿಯುವುದು ಮೂರ್ನಾಲ್ಕು ವಾರ, ಅಷ್ಟೆ. ಅಂಚೆಯೇ ಬೇಕೆಂದರೆ ಮತಪತ್ರದ ಜೊತೆ ಬರುವ ಹೇಳಿಕೆ ಪತ್ರದಲ್ಲಿ ಹುಟ್ಟಿದ ದಿನಾಂಕ ಕೇಳಿರುವ ಜಾಗದಲ್ಲಿ ಅಂದಿನ ತಾರೀಖು ಬರೆಯಬೇಡಿ. ಸಹಿಯೂ ಅರ್ಜಿಯಲ್ಲಿದ್ದಂತೆಯೇ ಇರಲಿ. ಎರಡರಲ್ಲಿ ಒಂದು ತಾಳೆಯಾಗದಿದ್ದರೂ ಮತ ತಿರಸ್ಕೃತ.

ಪ್ರಾಕ್ಸಿ ಅರ್ಜಿ ಮತದಾನಕ್ಕೆ 6 ಕೆಲಸದ ದಿನ ಮೊದಲು ಸಂಜೆ 5ರೊಳಗೆ ತಲುಪಬೇಕು. ಮತದಾರರ ನೋಂದಣಿಗೆ 12 ಕೆಲಸದ ದಿನ ಮೊದಲು. ನಿಮ್ಮ ಪರವಾಗಿ ಮತಗಟ್ಟೆಗೆ ಹೋಗುವವರು ತಮ್ಮದೇ ಫೋಟೋ ಗುರುತಿನ ಚೀಟಿ ಒಯ್ಯಬೇಕು, ನಿಮ್ಮದಲ್ಲ.

ಪಿಂಚಣಿ ಬಗ್ಗೆ ಕೇಳಿದವರಿಗೆ: ಭಾರತದಲ್ಲಿ ನೆಲೆಸಿದವರ ಬ್ರಿಟಿಷ್ ಸ್ಟೇಟ್ ಪೆನ್ಷನ್ (ಸರ್ಕಾರದ ವೃದ್ಧಾಪ್ಯ ಪಿಂಚಣಿ) ವರ್ಷವರ್ಷ ಏರುವುದಿಲ್ಲ. ಮತ ಕೇಳುವ ಅಭ್ಯರ್ಥಿಗೆ ಇಮೇಲ್‌ನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದೇ.